ಮಡ್ಡಿ ನೆಲ ಚೇತರಿಸಿಕೊಂಡಿದೆ ಅಂತ ಹೇಳುವುದು ಹೇಗೆ?

(ಬಾಗಲಕೋಟೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸುತ್ತಲಿನ ಹಳ್ಳಿಗಳ ರೈತರ ಮುಂದೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತ ಹಿರಿಯರಿಗೆ ಕೇಳಿಸದಿದ್ದರೆ ಅಲ್ಲಿಂದಲೇ ಕೂಗಿ, ಸಂಕೋಚ ಬೇಡ.

ಕೆಟ್ಟುಹೋಗಿದ್ದ ಒಂದು ಗುಡ್ಡವನ್ನು ಸರಿಮಾಡಿದ್ದೇವೆ ಅಂತ ಯಾರಾದರೂ ಹೇಳಿದರೆ ನಾವು ಮೊದಲು ಕೇಳುವುದೇನು? ಎಷ್ಟು ಸಸಿ ನೆಟ್ಟಿರಿ ಅಂತ, ಅಲ್ವಾ? ಅವರೂ ಒಂದು ದೊಡ್ಡ ಸಂಖ್ಯೆ ಹೇಳುತ್ತಾರೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ಮದುವೆಗೆ ಎಷ್ಟು ಕಾರ್ಡು ಹಂಚಿದೆವು ಅನ್ನುವ ಲೆಕ್ಕ ಅದು. ಎಷ್ಟು ಮಂದಿ ಬಂದು ಉಂಡರು ಅನ್ನುವುದು ಬೇರೆಯೇ ಲೆಕ್ಕ. ಸಸಿ ಉಳಿಯಿತಾ ಅಂತ ಗೊತ್ತಾಗಬೇಕಾದರೆ ಮೂರು ಬೇಸಿಗೆಯಾದರೂ ಕಳೆಯಬೇಕು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಜಾಗಕ್ಕೆ ಸಸಿ ಬೇಕಿತ್ತಾ?

ನಮ್ಮ ಮಲಪ್ರಭೆಯನ್ನೇ ನೋಡಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಅಲ್ಲಿ ಮಳೆ ಸಾವಿರಗಟ್ಟಲೆ ಮಿಲಿಮೀಟರ್. ಅದೇ ನದಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಾಗ ಸುತ್ತಲಿನ ನೆಲಕ್ಕೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಕಣಕುಂಬಿ ಹತ್ತಿರ ಭೀಮಗಡದ ಕಾಡು ಇದೆ. ಅಲ್ಲಿ ಮರ ಕಡಿದು ಬಯಲಾದ ಜಾಗ ಸುಧಾರಿಸಿದೆ ಅಂದರೆ ಮತ್ತೆ ನೆರಳು ಬಂದಿರಬೇಕು, ತೇವ ಉಳಿದಿರಬೇಕು. ಬೀಳಗಿ, ಮುಧೋಳದ ಮಡ್ಡಿ ಸುಧಾರಿಸಿದೆ ಅನ್ನಲು ನೆರಳು ಹುಡುಕಿಕೊಂಡು ಹೋದರೆ ಹೇಗೆ? ಎರಡು ಜಾಗಕ್ಕೂ ಒಂದೇ ಅಳತೆಗೋಲು ಹಿಡಿಯಲು ಬರುವುದಿಲ್ಲ. ಕೆಲಸ ಕೆಡುವುದು ಇಲ್ಲಿಂದಲೇ ಅಂತ ನನ್ನ ಅನಿಸಿಕೆ. ಬೀಜ, ಗೊಬ್ಬರ, ಹಣ ಎಲ್ಲ ಆಮೇಲಿನ ಮಾತು.

ಮಡ್ಡಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗೇಣುದ್ದ ಮಣ್ಣು, ಕೆಳಗೆ ಕಲ್ಲು. ಅಲ್ಲಿ ಸಹಜವಾಗಿ ಬೆಳೆಯುವುದು ಹುಲ್ಲು. ನಡುನಡುವೆ ಬಾರಿಹಣ್ಣಿನ ಗಿಡ, ತಂಗಡಿ, ಅಲ್ಲೊಂದು ಇಲ್ಲೊಂದು ಬನ್ನಿ, ಜಾಲಿ. ಮಳೆಗಾಲದಲ್ಲಿ ಹಸಿರಾಗಿ, ದೀಪಾವಳಿ ಹೊತ್ತಿಗೆ ಕರಡವಾಗಿ, ಅಂದರೆ ಒಣಹುಲ್ಲಾಗಿ, ಏಪ್ರಿಲ್‌ನಲ್ಲಿ ಪೂರ್ತಿ ಹಳದಿಯಾಗಿ ಕಾಣುತ್ತದೆ. ಹೊರಗಿನಿಂದ ಬಂದವರಿಗೆ ಇದು ಸತ್ತ ನೆಲ. ಆದರೆ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇರುವುದು ಇಂಥ ನೆಲದಲ್ಲೇ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಹರಡಿದೆ. ಚಿಂಕಾರ ಅನ್ನುವ ಈ ಸಣ್ಣ ಹುಲ್ಲೆಗೆ ಬಯಲು ಬೇಕು. ದೂರದಿಂದ ತೋಳ ಬಂದರೆ ಕಾಣಬೇಕು, ಕಂಡ ತಕ್ಷಣ ಓಡಲು ಜಾಗ ಇರಬೇಕು. ನೀರಿನ ವಿಷಯದಲ್ಲಿ ಅದು ಬಹಳ ತಡೆದುಕೊಳ್ಳುವ ಪ್ರಾಣಿ. ತಿನ್ನುವ ಎಲೆಯಿಂದ, ಇಬ್ಬನಿಯಿಂದ ಸಿಗುವ ನೀರಿನಲ್ಲೇ ಎಷ್ಟೋ ದಿನ ತಳ್ಳುತ್ತದೆ. ಒತ್ತಾಗಿ ಮರ ಬೆಳೆಸಿ ಅದಕ್ಕೆ ಉಪಕಾರ ಮಾಡಿದೆವು ಅಂದುಕೊಂಡರೆ ಅದು ನಮ್ಮ ಭ್ರಮೆ ಅಷ್ಟೇ.

ಇನ್ನು ಜೆಸಿಬಿ. ಇಳಿಜಾರಿಗೆ ಅಡ್ಡವಾಗಿ ಉದ್ದಕ್ಕೂ ಕಂದಕ ತೋಡಿಸುತ್ತಾರೆ, ನೀರು ಇಂಗಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ಗೇಣುದ್ದ ಮಣ್ಣಿರುವಲ್ಲಿ ಕಂದಕ ತೋಡಿದರೆ ಮೇಲ್ಮಣ್ಣು ಅಡಿಗೆ ಹೋಗಿ, ಅಡಿಯ ಕಲ್ಲುಮಣ್ಣು ಮೇಲೆ ಬರುತ್ತದೆ. ಎಷ್ಟೋ ವರ್ಷದ ಹುಲ್ಲಿನ ಬುಡ ಅರ್ಧ ದಿನದಲ್ಲಿ ಕಿತ್ತುಹೋಗುತ್ತದೆ. ಹಾಗೆ ಬಗೆದ ಮಣ್ಣಿಗೆ ಮೊದಲು ಬಂದು ಕೂರುವುದು ಕಾಂಗ್ರೆಸ್ ಕಸ ಮತ್ತು ಬಳ್ಳಾರಿ ಜಾಲಿ. ಅಲ್ಲಿ ಸಿಗುವ ಕಲ್ಲನ್ನೇ ಆಯ್ದು, ಮೊಣಕಾಲಿಗಿಂತ ಕಡಿಮೆ ಎತ್ತರದ ಸಣ್ಣ ಒಡ್ಡು ಹಾಕಿದರೆ ಸಾಕಾಗುತ್ತದೆ. ಬಿಲ್ಲು ಜಾಸ್ತಿ ಆಗುವುದಿಲ್ಲ, ಅದೊಂದೇ ಅದರ ದೋಷ.

ಬಳ್ಳಾರಿ ಜಾಲಿಯ ಮಾತು ಸ್ವಲ್ಪ ಉದ್ದ ಇದೆ. ಇದು ಅಮೆರಿಕ ಖಂಡದ ಗಿಡ. 19ನೇ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಭಾರತಕ್ಕೆ ತಂದರು. ಉರುವಲಿಗಾಗಿ, ಬರಡು ನೆಲ ಹಸಿರು ಮಾಡಲು ಅಂತ ಮುಂದೆಯೂ ಹಲವು ಕಡೆ ಬೆಳೆಸಿದರು. ಅಂದರೆ ಅದೂ ಒಂದು ಕಾಲದ ಸುಧಾರಣೆ ಕಾರ್ಯಕ್ರಮವೇ! ದನ, ಕುರಿ, ಆಡು ಇದರ ಕಾಯಿ ತಿನ್ನುತ್ತವೆ. ಬೀಜ ಜೀರ್ಣವಾಗದೆ ಸಗಣಿ, ಹಿಕ್ಕೆಯ ಜೊತೆ ಹೊಸ ಜಾಗಕ್ಕೆ ಹೋಗಿ ಮೊಳೆಯುತ್ತದೆ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರು. ಹಾಗಾಗಿ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಚಿಗುರುವ ಬುಡದ ಗಂಟು ಸಮೇತ ಅಗೆದು ತೆಗೆಯಬೇಕು. ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ವರ್ಷಗಳಲ್ಲಿ ಮೊಳೆತೇ ಮೊಳೆಯುತ್ತದೆ. ಆ ಮರಿಗಳು ಕಾಯಿ ಬಿಡುವ ಮೊದಲು ಮತ್ತೆ ಕೀಳಬೇಕು. ಒಮ್ಮೆ ಕಡಿದು ಫೋಟೋ ಹೊಡೆಸಿಕೊಂಡು ಹೋದರೆ, ಕಂಟಿ ಮೊದಲಿಗಿಂತ ದಟ್ಟವಾಗುತ್ತದೆ.

ಹಾಗಂತ ಎಲ್ಲವನ್ನೂ ಒಂದೇ ಸಲಕ್ಕೆ ಬಳಿದು ಹಾಕಿ ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಇದ್ದಿಲು ಸುಟ್ಟು ಬದುಕುವವರೂ ಇದ್ದಾರೆ. ಗೌಜುಗ, ನರಿ ಅದರಲ್ಲಿ ಅಡಗುತ್ತವೆ. ತುಂಡು ತುಂಡಾಗಿ ತೆಗೆಯುತ್ತಾ, ತೆಗೆದಲ್ಲಿ ಹುಲ್ಲು ಹಿಡಿದ ಮೇಲೆ ಮುಂದಿನ ತುಂಡಿಗೆ ಹೋಗುವುದು ಒಳ್ಳೆಯದು. ಹುಲ್ಲಿನ ಬೀಜ ಎಲ್ಲಿಂದ? ಪಕ್ಕದ ಒಳ್ಳೆಯ ಗುಡ್ಡದಿಂದ. ಅಕ್ಟೋಬರ್, ನವೆಂಬರ್‌ನಲ್ಲಿ ತೆನೆ ಒಣಗುವಾಗ ಕೈಯಿಂದ ಕಿತ್ತು, ಒಣ ಜಾಗದಲ್ಲಿಟ್ಟು, ಮುಂದಿನ ಮುಂಗಾರಿಗೆ ಚೆಲ್ಲಬೇಕು. ಕಿತ್ತ ತಕ್ಷಣ ಬಿತ್ತಿದರೆ ನಮ್ಮ ಕಡೆಯ ಎಷ್ಟೋ ಹುಲ್ಲುಗಳು ಹುಟ್ಟುವುದಿಲ್ಲ. ಅವುಗಳ ಬೀಜಕ್ಕೆ ಕೆಲವು ತಿಂಗಳ ವಿಶ್ರಾಂತಿ ಬೇಕು.

ಈಗ ಅಳತೆಯ ವಿಷಯ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ.

ಉಪಗ್ರಹದ ಚಿತ್ರಗಳು ಈಗ ಪುಕ್ಕಟೆ ಸಿಗುತ್ತವೆ. ಲ್ಯಾಂಡ್‌ಸ್ಯಾಟ್ 1972ರಿಂದ ಇದೆ. ಸೆಂಟಿನೆಲ್-2 ಕೆಲವು ದಿನಕ್ಕೊಮ್ಮೆ 10 ಮೀಟರ್ ವಿವರದ ಚಿತ್ರ ಕೊಡುತ್ತದೆ. ಹಸಿರು ಎಷ್ಟು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಅದರಲ್ಲಿ ಒಂದು ಮೋಸ ಇದೆ. ಏಪ್ರಿಲ್ ತಿಂಗಳಲ್ಲಿ ಒಳ್ಳೆಯ ಹುಲ್ಲುಗಾವಲು ಹಳದಿ. ಬಳ್ಳಾರಿ ಜಾಲಿ ಆಳಕ್ಕೆ ಬೇರು ಬಿಟ್ಟಿರುತ್ತದೆ, ಬಿಸಿಲಲ್ಲೂ ಹಸಿರು. ಬರೀ ಹಸಿರು ಎಣಿಸಿದರೆ ಕೆಟ್ಟ ಜಾಗಕ್ಕೆ ಜಾಸ್ತಿ ಅಂಕ, ಒಳ್ಳೆಯ ಜಾಗಕ್ಕೆ ಕಡಿಮೆ! ಆದ್ದರಿಂದ ಉಪಗ್ರಹದ ಚಿತ್ರವನ್ನು ಒಂದೇ ತಿಂಗಳಿನದ್ದು ನೋಡಬೇಡಿ. ಸೆಪ್ಟೆಂಬರ್‌ನದ್ದು, ಏಪ್ರಿಲ್‌ನದ್ದು ಎರಡನ್ನೂ ಪಕ್ಕಪಕ್ಕ ಇಡಿ. ಸೆಪ್ಟೆಂಬರ್‌ನಲ್ಲಿ ಹಸಿರಾಗಿದ್ದು ಏಪ್ರಿಲ್‌ನಲ್ಲಿ ಆರಿಹೋದದ್ದು ಹುಲ್ಲಿರಬಹುದು. ಎರಡೂ ಕಾಲಕ್ಕೆ ಹಸಿರಾಗಿದ್ದರೆ ಕಂಟಿಯೋ, ನೀರಾವರಿ ಹೊಲವೋ ಇರಬಹುದು. ನಡೆದು ಹೋಗಿ ನೋಡದೆ ತೀರ್ಮಾನ ಮಾಡಬೇಡಿ.

ನೆಲದ ಮೇಲೆ ಮಾಡುವ ಅಳತೆಗೆ ದುಡ್ಡು ಬೇಕಿಲ್ಲ. 30 ಮೀಟರ್ ಹಗ್ಗ ಎಳೆಯಿರಿ. ಮೀಟರಿಗೊಂದು ಕಡೆ ಸಣ್ಣ ಸಲಾಕೆ ಇಳಿಬಿಡಿ. ಅದರ ತುದಿ ಏನನ್ನು ಮುಟ್ಟಿತು ಬರೆಯಿರಿ: ಯಾವ ಹುಲ್ಲು, ಕಸ, ಬರಿ ಮಣ್ಣು, ಕಲ್ಲು, ಜಾಲಿ. ಇಂಥ ಕೆಲವು ಹಗ್ಗಗಳ ಲೆಕ್ಕ ಕೂಡಿಸಿದರೆ ನೆಲ ಎಷ್ಟು ಮುಚ್ಚಿದೆ, ಎಷ್ಟು ಬಗೆಯ ಹುಲ್ಲು ಇದೆ ಎರಡೂ ಸಿಗುತ್ತದೆ. ಈ ಎರಡು ಬೇರೆ ಬೇರೆ, ಕಲಸಬೇಡಿ. ನೆಲ ಮುಚ್ಚುವುದು ಎರಡು ಮೂರು ಒಳ್ಳೆಯ ಮಳೆಯಲ್ಲಿ ಆಗಬಹುದು. ಹಳೆಯ ಬಗೆಗಳೆಲ್ಲ ಮರಳಿ ಬರುವುದಕ್ಕೆ ದಶಕಗಳೇ ಬೇಕು. ಹುಲ್ಲಿನ ಹೆಸರು ಗೊತ್ತಿಲ್ಲದಿದ್ದರೆ ಕುರಿ ಕಾಯುವ ಅಜ್ಜನನ್ನು ಕರೆದುಕೊಂಡು ಹೋಗಿ. ಯಾವ ಹುಲ್ಲನ್ನು ಅದು ಎಳೆಯದಾಗಿದ್ದಾಗ ಮಾತ್ರ ಕುರಿ ತಿನ್ನುತ್ತದೆ ಅನ್ನುವುದನ್ನೂ ಅವರು ಹೇಳುತ್ತಾರೆ.

ಫೋಟೋ ತೆಗೆಯುವುದಾದರೆ ಒಂದು ಕಲ್ಲಿಗೆ ಬಣ್ಣ ಬಳಿಯಿರಿ. ಪ್ರತಿ ವರ್ಷ ಅದೇ ಕಲ್ಲು, ಅದೇ ದಿಕ್ಕು, ಅದೇ ತಿಂಗಳು. ಮೇ ತಿಂಗಳಲ್ಲಿ "ಮೊದಲು" ಅಂತಲೂ ಸೆಪ್ಟೆಂಬರ್‌ನಲ್ಲಿ "ಆಮೇಲೆ" ಅಂತಲೂ ತೆಗೆದ ಜೋಡಿ ಫೋಟೋಗಳನ್ನು ವಾಟ್ಸಾಪಿನಲ್ಲಿ ನೀವೂ ನೋಡಿರುತ್ತೀರಿ. ಹಾಗೆ ತೆಗೆದರೆ ಡಾಂಬರು ರಸ್ತೆಯ ಅಂಚೂ ಸುಧಾರಿಸಿದಂತೆಯೇ ಕಾಣುತ್ತದೆ.

ನೀರು ಇಂಗುವುದನ್ನು ನೋಡಲು ಎರಡೂ ಕಡೆ ತೆರೆದ ಡಬ್ಬಿ ಸಾಕು. ಮಣ್ಣಿಗೆ ಒತ್ತಿ, ಒಂದು ಲೀಟರ್ ನೀರು ಹಾಕಿ, ಇಂಗಲು ಎಷ್ಟು ಹೊತ್ತಾಯಿತು ನೋಡಿ. ಪ್ರತಿ ಸಲ ಒಣ ಮಣ್ಣಿನಲ್ಲೇ ಮಾಡಿ. ಎರೆ ಮಣ್ಣಾದರೆ ಬಿರುಕಿನ ಮೇಲೆ ಡಬ್ಬಿ ಇಡಬೇಡಿ, ನೀರು ಕ್ಷಣದಲ್ಲಿ ಮಾಯ. ಚಿಂಕಾರದ ಹಿಕ್ಕೆ ಎಣಿಸುವವರಿಗೂ ಒಂದು ಎಚ್ಚರಿಕೆ. ಗಂಡು ಚಿಂಕಾರ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ದೊಡ್ಡ ಗುಡ್ಡೆ ಕಂಡರೆ ಹಿಂಡೇ ಇದೆ ಅಂದುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದರೂ ಒಂದು ಬಿಟ್ಟರೆ ಎಲ್ಲ ವ್ಯರ್ಥ: ಪಕ್ಕದಲ್ಲಿ ಏನೂ ಮಾಡದ ಒಂದು ತುಂಡು ನೆಲ. ನಮ್ಮ ಜಿಲ್ಲೆಗಳಲ್ಲಿ ಒಂದು ವರ್ಷದ ಮಳೆ ಇನ್ನೊಂದು ವರ್ಷಕ್ಕೆ ಇಲ್ಲ. ಮಳೆ ಚೆನ್ನಾಗಿ ಆದ ವರ್ಷ ಬೇಲಿ ಹಾಕಿದ ಜಾಗವೂ ಹಸಿರು, ಹಾಕದ ಜಾಗವೂ ಹಸಿರು. ಆ ಹೆಗ್ಗಳಿಕೆ ಮೋಡಕ್ಕೆ ಸೇರಬೇಕು, ನಮಗಲ್ಲ. ಬರ ಬಿದ್ದ ವರ್ಷ ಎರಡೂ ಒಣಗಿದರೆ ನಮ್ಮ ಕೆಲಸ ಸೋತಿದೆ ಅಂತಲೂ ಅಲ್ಲ. ಎರಡರ ನಡುವಿನ ಅಂತರ ನೋಡಬೇಕು. ಜೊತೆಗೆ ಎಲ್ಲಾದರೂ ಕೆಡದೇ ಉಳಿದ ಒಳ್ಳೆಯ ಮಡ್ಡಿ ಇದ್ದರೆ ಅದನ್ನೂ ಅಳೆಯಿರಿ. ಎಲ್ಲಿಗೆ ತಲುಪಬೇಕು ಅಂತ ಗೊತ್ತಾಗುವುದು ಅಲ್ಲಿಂದ.

ನೀರಿನ ಜಾಗಗಳ ಬಗ್ಗೆ ಎರಡೇ ಮಾತು. ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸ, ಪಟ್ಟೆತಲೆಯ ಹೆಬ್ಬಾತು ಬರುತ್ತವೆ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲೂ ಪಕ್ಷಿಧಾಮ ಇದೆ. ರಾಜಹಂಸ ಕಾಲೂರಿ ನಿಂತು ಮೇಯುವುದು ತೆಳ್ಳಗಿನ ನೀರಿನಲ್ಲಿ. ಆಲಮಟ್ಟಿ ಜಲಾಶಯ ತುಂಬಿ, ನೀರು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದಲ್ಲಿದ್ದಾಗ ಆ ಕೆಸರು ದಂಡೆ ಮುಳುಗಿರುತ್ತದೆ. ಹಕ್ಕಿ ಎಣಿಸುವವರು ಆ ದಿನದ ನೀರಿನ ಮಟ್ಟವನ್ನೂ ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಊರ ಕೆರೆಯ ಹೂಳು ತೆಗೆಯುವಾಗಲೂ ಅಷ್ಟೇ. ಸುತ್ತಲೂ ಕಡಿದಾಗಿ ಕೊರೆದು ಕಲ್ಲು ಹೊದಿಸಿದರೆ ನೀರು ಜಾಸ್ತಿ ನಿಲ್ಲಬಹುದು, ಆದರೆ ಕಾಲು ಊರುವ ಹಕ್ಕಿಗೆ ಜಾಗ ಇಲ್ಲ. ಒಂದು ಬದಿಯಾದರೂ ಇಳಿಜಾರು ಬಿಡಿ.

ಈ ದಾಖಲೆಗಳೆಲ್ಲ ಎಲ್ಲಿರಬೇಕು? ಯೋಜನೆ ಮುಗಿದ ದಿನ ಲ್ಯಾಪ್‌ಟಾಪಿನ ಜೊತೆಗೇ ಹೊರಟು ಹೋಗಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಪುಸ್ತಕ ಇರಬೇಕು. ಹಗ್ಗದ ಲೆಕ್ಕ, ಫೋಟೋ, ಡಬ್ಬಿಯ ಲೆಕ್ಕ ಎಲ್ಲವೂ ಅದರೊಳಗೆ ಸೇರಲಿ.

ಯಾರೋ ಚೀಟಿ ಕಳಿಸಿದ್ದಾರೆ. "ನಮ್ಮ ಊರಿನ ಗಾಯರಾಣಕ್ಕೆ ಬೇಲಿ ಹಾಕಿದರೆ ಕುರಿ ಎಲ್ಲಿ ಬಿಡಬೇಕು, ಸರ್?" ಒಳ್ಳೆಯ ಪ್ರಶ್ನೆ. ಪೂರ್ತಿ ಬೇಲಿ ಬೇಡ. ಗಾಯರಾಣವನ್ನು, ಅಂದರೆ ದನ ಕುರಿ ಮೇಯುವ ಊರಿನ ಗೋಮಾಳವನ್ನು, ಮೂರು ನಾಲ್ಕು ಪಾಲು ಮಾಡಿ, ಒಂದೊಂದನ್ನು ಸರದಿಯ ಮೇಲೆ ಮುಚ್ಚಿ. ಮುಚ್ಚಿದ ಪಾಲಿನಲ್ಲಿ ತೆನೆ ಕಟ್ಟಿ ಬೀಜ ಉದುರುವ ತನಕ ಕುರಿ ಬೇಡ, ಆಮೇಲೆ ಬಿಡಿ. ಶಾಶ್ವತವಾಗಿ ಮುಚ್ಚಿದರೂ ತೊಂದರೆ ಇದೆ. ಹಳೆಯ ಕರಡ ದಪ್ಪಗಾಗಿ ಹೊಸ ಮೊಳಕೆಗೆ ಬಿಸಿಲು ಸಿಗುವುದಿಲ್ಲ, ಬೆಂಕಿ ಬಿದ್ದರೆ ಜೋರಾಗಿ ಉರಿಯುತ್ತದೆ. ಆದರೆ ಬಳ್ಳಾರಿ ಜಾಲಿ ಕಾಯಿ ಬಿಟ್ಟ ಕಡೆ ಮೇಯಿಸಿದ ಹಿಂಡನ್ನು ಅದೇ ದಿನ ಸುಧಾರಿಸುತ್ತಿರುವ ಪಾಲಿಗೆ ಹೊಡೆಯಬೇಡಿ, ಹೊಟ್ಟೆಯಲ್ಲಿ ಬೀಜ ಇರುತ್ತದೆ. ಕೆಲವು ದಿನ ಬೇರೆ ಕಡೆ ನಿಲ್ಲಿಸಿ. ಯಾವ ಪಾಲು ಯಾವಾಗ ಮುಚ್ಚಬೇಕು ಅನ್ನುವುದನ್ನು ಕುರಿ ಇರುವವರೇ ಕೂತು ತೀರ್ಮಾನಿಸಲಿ, ಬೇಲಿ ಮುರಿಯುವ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. ಇನ್ನೊಂದು ಚೀಟಿ ಇದೆ, ಅಕ್ಷರ ಓದಲು ಬರುತ್ತಿಲ್ಲ. ಬರೆದವರು ಎದ್ದು ನಿಂತು ಕೇಳಿ.