ರೆಪ್ಪೆ ಬಡಿಯುವಷ್ಟು ಬಿಡುವು

ಕೇಳುಗರೇ, ನಮಸ್ಕಾರ.

ಕೆಲವು ತಿಂಗಳ ಹಿಂದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಸಂಜೆಯಾದರೆ ಕಣ್ಣು ಉರಿಯುತ್ತದೆ, ಸುಮ್ನೆ ನೀರು ಸುರಿಯುತ್ತದೆ ಎಂದೆ. 'ಕಣ್ಣು ಒಣಗಿದೆ' ಎಂದರು. ನೀರು ಸುರಿಯುವ ಕಣ್ಣು ಒಣಗುವುದು ಹೇಗೆ? ಅವರು ಕಣ್ಣಿಗೆ ಒಂದಿಷ್ಟು ಹಳದಿ ಬಣ್ಣ ಮುಟ್ಟಿಸಿದರು. ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ನೀಲಿ ಬೆಳಕು ಬಿಟ್ಟರು. 'ಒಮ್ಮೆ ಮುಚ್ಚಿ ತೆರೆಯಿರಿ. ಇನ್ನು ರೆಪ್ಪೆ ಬಡಿಯಬೇಡಿ' ಎಂದು ಎಣಿಸತೊಡಗಿದರು. ಒಂದು, ಎರಡು, ಮೂರು... ಐದಕ್ಕೆ ನಿಲ್ಲಿಸಿದರು. ಕಣ್ಣೀರಿನ ತೆಳು ಪದರ 5 ಸೆಕೆಂಡಿಗೇ ಅಲ್ಲಲ್ಲಿ ಹರಿದುಹೋಗಿತ್ತು. ಚೆನ್ನಾಗಿರುವ ಕಣ್ಣಲ್ಲಿ ಅದು 10 ಸೆಕೆಂಡಾದರೂ ತಡೆಯಬೇಕಂತೆ. ಪದರ ಹರಿದರೆ ಉರಿ. ಉರಿ ತಾಳಲಾರದೆ ಒಮ್ಮೆಲೇ ನೀರು.

'ನೀವು ರೆಪ್ಪೆ ಬಡಿಯುವುದನ್ನೇ ಮರೆತಿದ್ದೀರಿ' ಎಂದರು ಡಾಕ್ಟರು.

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೋ, ಇನ್ನೂ ಕಡಿಮೆಗೋ ಇಳಿಯುತ್ತದೆ. ಬಡಿದರೂ ಎಷ್ಟೋ ಸಲ ಪೂರ್ತಿ ಮುಚ್ಚುವುದಿಲ್ಲ. ರೆಪ್ಪೆಯ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆಯ ಗ್ರಂಥಿಗಳಿವೆ. ರೆಪ್ಪೆ ಪೂರ್ತಿ ಮುಚ್ಚಿದಾಗ ಆ ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ಹರಡುತ್ತದೆ. ಅದಿಲ್ಲದಿದ್ದರೆ ನೀರು ಬೇಗ ಆರಿಹೋಗುತ್ತದೆ. ನನ್ನ ಮಾತು ಕೇಳಲು ನಿಮಗೆ ಕಿವಿ ಸಾಕು. ಕಣ್ಣು ಮುಚ್ಚಿಕೊಂಡೇ ಕೇಳಿ, ಅಡ್ಡಿಯಿಲ್ಲ.

ಡಾಕ್ಟರ ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ರೆಪ್ಪೆ ಬಡಿಯುವುದೆಂದರೆ ಕಣ್ಣಿಗೆ ಸಿಗುವ ಚಿಕ್ಕ ಬಿಡುವು, ಅಲ್ವಾ? ಇಂಥ ಬಿಡುವನ್ನು ಇನ್ನೆಲ್ಲೆಲ್ಲಿ ಕಳೆದುಕೊಂಡಿದ್ದೇನೆ ಎಂದು ಹುಡುಕತೊಡಗಿದೆ.

ಮೊದಲು ಸಿಕ್ಕಿದ್ದು ಉಸಿರು. ಈಮೇಲ್ ತೆರೆಯುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ! ಲಿಂಡಾ ಸ್ಟೋನ್ ಎಂಬವರು 2008ರಲ್ಲೇ ಇದನ್ನು ಗಮನಿಸಿ 'ಈಮೇಲ್ ಆಪ್ನಿಯಾ' ಎಂದು ಹೆಸರಿಟ್ಟಿದ್ದರು. ಆಪ್ನಿಯಾ ಎಂದರೆ ಉಸಿರು ನಿಲ್ಲುವುದು. ನಾಳೆ ನೀವೂ ಒಮ್ಮೆ ನೋಡಿಕೊಳ್ಳಿ.

ಆಮೇಲೆ ಓದು. ಪುಸ್ತಕದಲ್ಲಿ ಪುಟ ಮುಗಿಯುತ್ತದೆ. ಪತ್ರಿಕೆಗೆ ಕೊನೆಯ ಪುಟ ಇರುತ್ತದೆ. ಫೋನಿಗೆ ತಳವೇ ಇಲ್ಲ, ಎಳೆದಷ್ಟೂ ಬರುತ್ತದೆ. 2006ರಲ್ಲಿ ಈ ಏರ್ಪಾಟನ್ನು ರೂಪಿಸಿದ ಏಜಾ ರಾಸ್ಕಿನ್, ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ನೊಂದುಕೊಂಡರು. ಹಿಂದೆ 'ಮುಂದಿನ ಪುಟ' ಎಂಬ ಗುಂಡಿ ಇರುತ್ತಿತ್ತು. ಒತ್ತಲೋ ಬೇಡವೋ ಎಂದು ಅರೆಗಳಿಗೆ ಯೋಚಿಸುತ್ತಿದ್ದೆವು. ಆ ಅರೆಗಳಿಗೆಯನ್ನೇ ಕಿತ್ತುಹಾಕಿದರು. ಹೀಗಿರುವಾಗ ನಮ್ಮ ಮನಸ್ಸಿಗೇ ಗಟ್ಟಿತನವಿಲ್ಲ ಎಂದು ನಮ್ಮನ್ನು ನಾವೇ ಬೈದುಕೊಳ್ಳುವುದು ನ್ಯಾಯವಲ್ಲ. ಕೂರಲು ಒಂದು ಕಟ್ಟೆಯೂ ಇಲ್ಲದ ದಾರಿಯಲ್ಲಿ ನಡೆದವರಿಗೆ ಸುಸ್ತಾಗದೆ ಇರುತ್ತದೆಯೇ?

ವಿಡಿಯೋ ಮೀಟಿಂಗಿನ ಕಥೆಯೂ ಇದೇ. ಮೊದಲಾದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಾಲ್ಕು ಹೆಜ್ಜೆ ನಡೆಯುತ್ತಿದ್ದೆವು. ಈಗ ಒಂದು ಮುಗಿಯುತ್ತಲೇ ಕೂತಲ್ಲೇ ಇನ್ನೊಂದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಈ ದಣಿವಿನ ಕಾರಣಗಳನ್ನು ಬಿಡಿಸಿ ಬರೆದರು. ಅವುಗಳಲ್ಲಿ ಒಂದು, ನಮ್ಮ ಮುಖ ನಮಗೇ ಕಾಣುತ್ತಿರುವುದು. ದಿನವಿಡೀ ಕನ್ನಡಿ ಹಿಡಿದುಕೊಂಡು ಯಾರಾದರೂ ಮಾತಾಡುತ್ತಾರಾ? ನನ್ನ ಮುಖ ನನಗೆ ಕಾಣದ ಹಾಗೆ ಮಾಡಿಕೊಂಡೆ. ಬಿಗಿಹಿಡಿದಿದ್ದ ಭುಜ ತಾನಾಗಿ ಇಳಿಯಿತು.

ನನಗೆ ಜಾಸ್ತಿ ಬೇಜಾರಾಗುವುದು ಸಂಜೆಯ ವಿಷಯದಲ್ಲಿ. ಲ್ಯಾಪ್‌ಟಾಪ್ ಮುಚ್ಚಿ, 'ಅಬ್ಬಾ' ಎಂದು ಒರಗುತ್ತೇವೆ. ಕೈ ತಾನಾಗಿ ಫೋನಿಗೆ ಹೋಗುತ್ತದೆ. ದಣಿವಾರಿಸಿಕೊಳ್ಳಲೆಂದೇ ತೆಗೆದುಕೊಂಡದ್ದು ತಾನೇ? ಆದರೆ ಕಣ್ಣಿಗೆ ಅದೇ ದುಡಿಮೆ, ಇನ್ನೂ ಹತ್ತಿರದಿಂದ. ಕತ್ತಿಗೂ ಅದೇ ದುಡಿಮೆ, ಇನ್ನೂ ಬಗ್ಗಿ. ಗಂಟೆ ಕಳೆದು ಎದ್ದಾಗ, ಕೂತಾಗ ಇದ್ದದ್ದಕ್ಕಿಂತ ಹೆಚ್ಚು ಸುಸ್ತು. ದಯವಿಟ್ಟು ಅದನ್ನು ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಬೇಡಿ.

ಪರದೆಯಿಂದ ಬರುವ ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಲೇ ಎಂದು ಹಲವರು ಕೇಳುತ್ತಾರೆ. ಅದರ ಬಗ್ಗೆ ನಡೆದ ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಕಣ್ಣಿನ ದಣಿವಿನ ಮಟ್ಟಿಗೆ ಮಾಮೂಲಿ ಕನ್ನಡಕಕ್ಕಿಂತ ಹೆಚ್ಚಿನ ಅನುಕೂಲವೇನೂ ಕಾಣಲಿಲ್ಲ. ಅದಕ್ಕಿಂತ ಖರ್ಚಿಲ್ಲದ ದಾರಿಯಿದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದಲ್ಲಿರುವ ಏನನ್ನಾದರೂ, 20 ಸೆಕೆಂಡು ನೋಡುವುದು. ಹತ್ತಿರದ್ದನ್ನು ನೋಡುವಷ್ಟು ಹೊತ್ತೂ ಕಣ್ಣೊಳಗಿನ ಒಂದು ಪುಟ್ಟ ಸ್ನಾಯು ಬಿಗಿದುಕೊಂಡೇ ಇರುತ್ತದೆ. ದೂರ ನೋಡಿದಾಗಲೇ ಅದು ಸಡಿಲವಾಗುವುದು. ನಾನು ಕಿಟಕಿಯಾಚೆಗಿನ ಒಂದು ಮರ ನೋಡುತ್ತೇನೆ. ಯಾವ ಕೊಂಬೆ ಅಲುಗುತ್ತಿದೆ, ಯಾವುದು ಸುಮ್ಮನಿದೆ ಎಂದು ನೋಡುತ್ತ, ನಿಧಾನವಾಗಿ, ಪೂರ್ತಿ ಮುಚ್ಚುವ ಹಾಗೆ ಹತ್ತು ಸಲ ರೆಪ್ಪೆ ಬಡಿಯುತ್ತೇನೆ. ಒಂದು ದೊಡ್ಡ ಉಸಿರೂ ತಾನಾಗಿ ಹೊರಗೆ ಬರುತ್ತದೆ.

ರಾತ್ರಿಗೆ ಒಂದೇ ಬದಲಾವಣೆ. ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಟ್ಟೆ. ಬೆಳಿಗ್ಗೆ ಏಳಲು ಒಂದು ಸಾದಾ ಅಲಾರಂ ಗಡಿಯಾರ ತಂದೆ. ಮೊದಮೊದಲು ನಿದ್ದೆಗಣ್ಣಿನಲ್ಲಿ ಕೈ ದಿಂಬಿನ ಪಕ್ಕ ತಡಕಾಡುತ್ತಿತ್ತು. ಬರೀ ಹಾಸಿಗೆ ಸಿಗುತ್ತಿತ್ತು.

ಹೋದ ವಾರ ಮತ್ತೆ ಡಾಕ್ಟರ ಹತ್ತಿರ ಹೋದೆ. ಅದೇ ಹಳದಿ ಬಣ್ಣ, ಅದೇ ನೀಲಿ ಬೆಳಕು. ಈ ಸಲ ಎಂಟರವರೆಗೆ ಎಣಿಸಿದರು.

ನಮಸ್ಕಾರ.