'ವಿಂಡ್' ಯಾವ ದಿಕ್ಕಿನಿಂದ ಬೀಸುತ್ತದೆ?

ವೇದಿಕೆಯ ಮೇಲಿರುವ ಹಿರಿಯರಿಗೂ ಎದುರಿಗಿರುವ ಅಧ್ಯಾಪಕ, ಅನುವಾದಕ ಮಿತ್ರರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ವ್ಯಾಕರಣದ ಪುಸ್ತಕದ ಕೊನೆಗೆ ಒಂದು ಪಟ್ಟಿ ಇರುತ್ತದಲ್ಲಾ, ಎಡಕ್ಕೆ ಇಡಿಯಮ್ಮು, ಬಲಕ್ಕೆ ಅರ್ಥ, ಅದನ್ನು ಬಾಯಿಪಾಠ ಮಾಡಿಸುವುದನ್ನು ನಾವು ಬಿಡಬೇಕು. ಆ ಪಟ್ಟಿಯಿಂದ ಅರ್ಥ ಗೊತ್ತಾಗುತ್ತದೆಯೇ ಹೊರತು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಅನ್ನುವುದು ಗೊತ್ತಾಗುವುದಿಲ್ಲ. ಅದು ತಿಳಿಯಬೇಕಾದರೆ ಮಾತು ಯಾರ ಕೆಲಸದಿಂದ ಬಂತು ಎಂದು ಕೇಳಬೇಕು. 'ವಿಂಡ್' ಅನ್ನುವ ಒಂದೇ ಪದವನ್ನು ಇಟ್ಟುಕೊಂಡು ಇದನ್ನು ತೋರಿಸುತ್ತೇನೆ.

ಮೊದಲ ತೊಡಕು ನಮ್ಮ ಕಡೆಯದೇ. ಕನ್ನಡದ 'ಗಾಳಿ' ಇಂಗ್ಲಿಷಿನ 'ಏರ್' ಕೂಡ ಹೌದು, 'ವಿಂಡ್' ಕೂಡ ಹೌದು. ಟ್ಯೂಬಿಗೆ ಹಾಕುವುದೂ ಗಾಳಿ, ಮರ ಬೀಳಿಸುವುದೂ ಗಾಳಿ. ಇಂಗ್ಲಿಷಿನಲ್ಲಿ ನಿಂತದ್ದು ಏರ್, ಬೀಸುವುದು ವಿಂಡ್. ಹಾಗಾಗಿ ಗಾಳಿಗೋಪುರ ಏಳುವುದು 'ಏರ್'ನಲ್ಲಿ, ಎಚ್ಚರಿಕೆಯನ್ನು ತೂರುವುದು 'ವಿಂಡ್'ಗೆ. ನಮ್ಮ ಗಾಳಿಯ ಮಾತುಗಳಲ್ಲಿ ಎಷ್ಟೋ ಕಣದಿಂದ ಬಂದವು: ಗಾಳಿ ಬಂದಾಗ ತೂರಿಕೋ, ನಿಯಮಗಳನ್ನು ಗಾಳಿಗೆ ತೂರಿದರು. ಇಂಗ್ಲಿಷಿನವು ಬಹುಪಾಲು ಹಡಗಿನಿಂದ ಬಂದವು. ರೈತನ ಗಾಳಿಗೂ ನಾವಿಕನ ಗಾಳಿಗೂ ಲೆಕ್ಕಾಚಾರ ಬೇರೆ.

ಹಡಗಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ, ಇದು ನನಗೆ ಬಹಳ ಇಷ್ಟದ ಜಾಗ. 'ತ್ರೀ ಶೀಟ್ಸ್ ಟು ದ ವಿಂಡ್' ಎಂದರೆ ಕಂಠಪೂರ್ತಿ ಕುಡಿದವನು. ಶೀಟ್ ಎಂದ ಕೂಡಲೇ ಎಲ್ಲರೂ ಹಾಯಿಬಟ್ಟೆ ಅಂದುಕೊಳ್ಳುತ್ತಾರೆ. ಅಲ್ಲ, ಶೀಟ್ ಒಂದು ಹಗ್ಗ. ಹಾಯಿಯ ಕೆಳತುದಿಗೆ ಕಟ್ಟಿದ ಹಗ್ಗ. ಅದನ್ನು ಎಳೆದು ಬಿಗಿದರೆ ಹಾಯಿ ಗಾಳಿ ತುಂಬಿಕೊಂಡು ಹಡಗನ್ನು ಒಯ್ಯುತ್ತದೆ. ಹಗ್ಗ ಕೈತಪ್ಪಿತೋ, ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗಿಗೆ ಹಿಡಿತವಿಲ್ಲ. ಒಂದು ಹಗ್ಗ ತಪ್ಪಿದರೆ ನಾವಿಕರ ಭಾಷೆಯಲ್ಲಿ ಸ್ವಲ್ಪ ಏರಿದೆ ಎಂದು, ಮೂರು ತಪ್ಪಿದರೆ ಇನ್ನು ಹೇಳುವುದೇ ಬೇಡ! ತೂರಾಡುತ್ತಾ ಬರುವವನನ್ನು ಕಣ್ಣಮುಂದೆ ತಂದುಕೊಳ್ಳಿ, ಮೂರು ಹಗ್ಗ ಬಿಟ್ಟ ಹಡಗೇ ಅವನು. ಇದನ್ನು ತಿಳಿದ ವಿದ್ಯಾರ್ಥಿ ಈ ಮಾತನ್ನು ಒಂದು ಗುಟುಕು ಕುಡಿದವನಿಗೆ ಹಚ್ಚುವುದಿಲ್ಲ.

ಇನ್ನೊಂದು, 'ಸೇಲಿಂಗ್ ಕ್ಲೋಸ್ ಟು ದ ವಿಂಡ್'. ಯಾವ ಹಾಯಿಹಡಗೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಹಳೆಯ ಚೌಕಹಾಯಿಯ ಹಡಗು ಗಾಳಿಯ ದಿಕ್ಕಿನಿಂದ ಸುಮಾರು 67 ಡಿಗ್ರಿ ಓರೆಗೆ ಹೋಗಬೇಕಿತ್ತು. ಇಂದಿನ ಹಾಯಿದೋಣಿ ಸುಮಾರು 45ರವರೆಗೂ ಹೋದೀತು. ಅದಕ್ಕಿಂತ ಹತ್ತಿರ ತಿರುಗಿಸಿದರೆ ಹಾಯಿಯ ಅಂಚು ನಡುಗತೊಡಗುತ್ತದೆ. ಇನ್ನೂ ತಿರುಗಿಸಿದರೆ ಗಾಳಿ ಹಾಯಿಯ ಮುಂಭಾಗಕ್ಕೇ ಬಡಿದು ಹಡಗು ತಟಸ್ಥವಾಗುತ್ತದೆ. ತಬ್ಬಿಬ್ಬಾದ ಎಂಬ ಅರ್ಥದ 'ಟೇಕನ್ ಅಬ್ಯಾಕ್' ಹುಟ್ಟಿದ್ದು ಅಲ್ಲಿ. ಆದ್ದರಿಂದ ಕ್ಲೋಸ್ ಟು ದ ವಿಂಡ್ ಹೋಗುವವನು ಕಾನೂನು ಮುರಿದವನಲ್ಲ, ಇನ್ನೊಂದು ಹೆಜ್ಜೆಗೆ ಮುರಿಯುವವನು. ಅನುವಾದದಲ್ಲಿ 'ಕಾನೂನು ಉಲ್ಲಂಘಿಸಿದ' ಎಂದು ಬರೆದರೆ ಅವನನ್ನು ನಾವೇ ಅಪರಾಧಿ ಮಾಡಿದಂತಾಯಿತು.

'ಟೇಕ್ ದ ವಿಂಡ್ ಔಟ್ ಆಫ್ ಹಿಸ್ ಸೇಲ್ಸ್' ಕೂಡ ಹೀಗೆಯೇ. ಗಾಳಿ ಬರುವ ಬದಿಯಲ್ಲಿ ಇನ್ನೊಂದು ಹಡಗು ಬಂದು ನಿಂತರೆ ಅದರ ಹಾಯಿ ನಿಮ್ಮ ಗಾಳಿಯನ್ನು ತಡೆಯುತ್ತದೆ. ಹೊಡೆದಾಟವಿಲ್ಲ, ಡಿಕ್ಕಿಯಿಲ್ಲ, ನೂಕುವ ಬಲವೇ ಇಲ್ಲವಾಯಿತು. ವಿರೋಧ ಪಕ್ಷ ಕೇಳಬೇಕೆಂದಿದ್ದ ಬೇಡಿಕೆಯನ್ನು ಸರ್ಕಾರ ಹಿಂದಿನ ದಿನವೇ ಘೋಷಿಸಿಬಿಟ್ಟರೆ, ಅಲ್ಲಿ ಈ ಮಾತು ಸರಿಯಾಗಿ ಕೂರುತ್ತದೆ. ವಾದದಲ್ಲಿ ಸೋಲಿಸಿದ್ದಕ್ಕೆ ಕೂರುವುದಿಲ್ಲ. ಪಟ್ಟಿ ಈ ವ್ಯತ್ಯಾಸ ಹೇಳುತ್ತದೆಯೇ?

ಇನ್ನು ಬೇಟೆ. 'ಗೆಟ್ ವಿಂಡ್ ಆಫ್' ಎಂದರೆ ಗಾಳಿಯಲ್ಲಿ ಬಂದ ವಾಸನೆ ಮೃಗದ ಮೂಗಿಗೆ ಹತ್ತುವುದು. ಇದನ್ನು 'ಗಾಳಿಸುದ್ದಿ ಕೇಳಿ' ಎಂದು ಮಾಡುತ್ತಾರೆ. ಗಾಳಿಸುದ್ದಿ ಸುಳ್ಳಿದ್ದೀತು, ಇದು ಗುಟ್ಟಾಗಿದ್ದ ನಿಜ ಹೊರಬಿದ್ದದ್ದು. 'ಸುಳಿವು ಸಿಕ್ಕಿತು', 'ವಾಸನೆ ಹತ್ತಿತು' ಎನ್ನಿ, ಸಾಕು.

ಮೂರನೆಯದು ಮೈಯೊಳಗಿನ ಗಾಳಿ. ವಿಂಡ್, ಲ್ಯಾಟಿನ್ನಿನ ವೆಂಟುಸ್, ಸಂಸ್ಕೃತದ ವಾತ, ಮೂರೂ ಒಂದೇ ಬೇರಿನವು. ಹೊಟ್ಟೆಯ ವಾಯುವಿಗೆ ಅವರೂ ವಿಂಡ್ ಎನ್ನುತ್ತಾರೆ. 'ವಿಂಡೋ' ಬಂದದ್ದು ಹಳೆಯ ನಾರ್ಸ್ ಭಾಷೆಯ 'ಗಾಳಿಗಣ್ಣು' ಎಂಬ ಪದದಿಂದ. ಸಂಸ್ಕೃತದಲ್ಲಿ ಕಿಟಕಿ ವಾತಾಯನ, ಗಾಳಿಯ ಹಾದಿ. ಇಂಗ್ಲಿಷಿನಲ್ಲಿ ಉಸಿರಿಗೂ 'ವಿಂಡ್' ಎಂಬುದೇ ಪದ. 'ಸೆಕೆಂಡ್ ವಿಂಡ್' ಓಟಗಾರನಿಗೆ ದಣಿದ ಮೇಲೆ ಮರಳುವ ಕಸುವು. 'ಲಾಂಗ್ ವಿಂಡೆಡ್' ಮೊದಲು ಉಸಿರು ಗಟ್ಟಿಯಿದ್ದವನಿಗೆ ಹೇಳುತ್ತಿದ್ದದ್ದು, ಈಗ ಮಾತು ಮುಗಿಸದ ಭಾಷಣಕಾರನಿಗೆ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವಂತೆ.

ಹಾಗಾದರೆ ಬೇಗ ಬೇಗ. ಸುತ್ತುವ ಅರ್ಥದ 'ವೈಂಡ್' ಅಕ್ಷರದಲ್ಲಿ ಇದೇ, ಹುಟ್ಟಿನಲ್ಲಿ ಬೇರೆ ಪದ. ಗಡಿಯಾರಕ್ಕೆ ಕೀಲಿ ಕೊಡುವುದು, ಕಂಪನಿ ಮುಚ್ಚುವುದು ಇದರದ್ದು, ಭೂತಕಾಲ 'ವೌಂಡ್'. ಉಸಿರು ಕಟ್ಟಿಸಿದ್ದಕ್ಕೆ, ಮಗುವಿಗೆ ತೇಗು ಬರಿಸಿದ್ದಕ್ಕೆ 'ವಿಂಡೆಡ್'. 'ಪುಟ್ ದ ವಿಂಡ್ ಅಪ್ ಹಿಮ್' ಎಂದರೆ ಹೆದರಿಸು, 'ವೈಂಡ್ ಹಿಮ್ ಅಪ್' ಎಂದರೆ ಬ್ರಿಟನ್ನಿನಲ್ಲಿ ಕೆಣಕು. ಗಟ್ಟಿಯಾಗಿ ಓದಿಸಿದರೆ ಮಾತ್ರ ಮಕ್ಕಳಿಗೆ ಇದು ತಿಳಿಯುತ್ತದೆ.

'ವಿಂಡ್‌ಫಾಲ್' ತೋಟದ ಮಾತು, ಗಾಳಿಗೆ ಉದುರಿದ ಹಣ್ಣು, ಈಗ ಅನಿರೀಕ್ಷಿತವಾಗಿ ಕೈಗೆ ಬಂದ ಲಾಭ. ಬ್ರಿಟನ್ 1997ರಲ್ಲಿ ಖಾಸಗೀಕರಣಗೊಂಡ ವಿದ್ಯುತ್, ನೀರಿನಂಥ ಸೇವಾ ಕಂಪನಿಗಳ ಮೇಲೆ ಒಂದು ಬಾರಿಯ ವಿಂಡ್‌ಫಾಲ್ ತೆರಿಗೆ ಹಾಕಿತು. ದುಡಿದು ಗಳಿಸಿದ್ದಕ್ಕೆ ಈ ಪದ ಹೊಂದುವುದಿಲ್ಲ.

ಹವಾಮಾನ ವರದಿ ಅನುವಾದಿಸುವವರಿಗೆ ಎರಡು ಮಾತು. 1805ರ ಸುಮಾರಿಗೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ ಗಾಳಿಯ ಬಲಕ್ಕೆ ಅಳತೆ ಕಟ್ಟಿದ, 0ಯಿಂದ 12ರವರೆಗೆ. ಅದರಲ್ಲಿ 2ರಿಂದ 6ರವರೆಗೂ 'ಬ್ರೀಜ್' ಹೆಸರೇ. 6ನೆಯ 'ಸ್ಟ್ರಾಂಗ್ ಬ್ರೀಜ್' ಗಂಟೆಗೆ 39ರಿಂದ 49 ಕಿಲೋಮೀಟರ್, ಕೊಡೆ ಹಿಡಿಯುವುದೇ ಕಷ್ಟ. ಅದನ್ನು ತಂಗಾಳಿ ಎಂದು ಬರೆಯಬೇಡಿ. 'ಗೇಲ್', ಅಂದರೆ ಬಿರುಗಾಳಿ, 8ನೆಯದು. ಇನ್ನೊಂದು: 'ವೆಸ್ಟ್ ವಿಂಡ್' ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವುದಲ್ಲ. ಸಮುದ್ರದ ಪ್ರವಾಹಕ್ಕೆ ಮಾತ್ರ ಹೋಗುವ ದಿಕ್ಕನ್ನೇ ಹೇಳುತ್ತಾರೆ. ಒಂದೇ ವರದಿಯಲ್ಲಿ ಎರಡೂ ಬಂದಾಗ 'ಪಶ್ಚಿಮದಿಂದ', 'ಪಶ್ಚಿಮಕ್ಕೆ' ಎಂದು ಬಿಡಿಸಿ ಬರೆಯಿರಿ.

ಬ್ರಿಟನ್ನಿನ ಪ್ರಧಾನಿಯಾಗಿದ್ದ ಮ್ಯಾಕ್‌ಮಿಲನ್ 1960ರಲ್ಲಿ ಕೇಪ್‌ಟೌನಿನಲ್ಲಿ ಹೇಳಿದ 'ವಿಂಡ್ ಆಫ್ ಚೇಂಜ್' (ಬದಲಾವಣೆಯ ಗಾಳಿ) ಇತ್ಯಾದಿ ಉಳಿಯಿತು. ಅವನ್ನು ಪ್ರಶ್ನೋತ್ತರದಲ್ಲಿ ಕೇಳಿ, ಹೇಳುತ್ತೇನೆ. ನಮಸ್ಕಾರ.