ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ?

ಆಕಾಶವಾಣಿ ಮಡಿಕೇರಿಯ ಕೇಳುಗರಿಗೆ ನಮಸ್ಕಾರ. ತೋಟದ ಕೆಲಸದ ನಡುವೆ ರೇಡಿಯೋ ಹಾಕಿಕೊಂಡವರೂ ಕೇಳಿ, ಆದರೆ ನನ್ನ ಮಾತು ಇವತ್ತು ಮುಖ್ಯವಾಗಿ ಮೇಷ್ಟ್ರುಗಳಿಗೆ, ಟೀಚರುಗಳಿಗೆ. ಹೇಳುವುದು ಒಂದೇ: ಮಕ್ಕಳು ಕಲಿಯಬೇಕಾದರೆ ನಾವು ಒಟ್ಟಿಗೆ ಕೂರಬೇಕು. ಕೂತಾಗ ಮೇಜಿನ ಮೇಲೆ ಮಕ್ಕಳ ನೋಟ್‌ಬುಕ್ ಇರಬೇಕು.

'ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ಇದೆಯಲ್ಲ ಸಾರ್' ಅನ್ನುತ್ತೀರಿ. ಇದೆ. ಸುತ್ತೋಲೆ ಓದುತ್ತೇವೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಟ್ರಿ (ಮಕ್ಕಳ ವಿವರ ಆನ್‌ಲೈನಿಗೆ ತುಂಬುವುದು) ಮಾತಾಡುತ್ತೇವೆ, ಸಹಿ ಹಾಕಿ ಬಸ್ಸು ಹಿಡಿಯುತ್ತೇವೆ. ನೋಟ್‌ಬುಕ್ ಎಲ್ಲಿ?

ಕೆಲವು ವರ್ಷದ ಹಿಂದೆ ದಕ್ಷಿಣ ಕೊಡಗಿನ ಒಂದು ಶಾಲೆಯಲ್ಲಿ ಇಂಥದೇ ಸಭೆ. ಕಕ್ಕಡದ, ಅಂದರೆ ಆಟಿ ತಿಂಗಳಿನ ಮಳೆ, ಕರೆಂಟಿಲ್ಲ. ನಾನು ತಂದಿದ್ದ ಪ್ರೊಜೆಕ್ಟರ್ ಮೂಲೆ ಸೇರಿತು. ಬೇರೆ ದಾರಿಯಿಲ್ಲದೆ ನಾಲ್ಕನೇ ತರಗತಿಯ ಗಣಿತದ ನೋಟ್‌ಬುಕ್ ತರಿಸಿದೆ. 503ರಲ್ಲಿ 267 ಕಳೆಯಿರಿ. ಸರಿ ಉತ್ತರ 236. ಪುಸ್ತಕದ ಮೇಲೆ ಪುಸ್ತಕ ತೆರೆದರೂ 364, 364!

'ಗಮನ ಇಲ್ಲ' ಅಂದರು ಒಬ್ಬರು. 'ಲೈನ್‌ಮನೆ ಮಕ್ಕಳು ಸಾರ್, ಮನೇಲಿ ಹೇಳಿಕೊಡೋರಿಲ್ಲ' ಅಂದರು ಇನ್ನೊಬ್ಬರು. ಲೈನ್‌ಮನೆ ಅಂದರೆ ತೋಟದ ಕಾರ್ಮಿಕರ ಸಾಲುಮನೆ. ಎಲ್ಲರೂ ತಲೆಯಾಡಿಸಿದರು. (ಈ ತಲೆಯಾಡಿಸುವುದು ನನಗೆ ಆಗಿಬರುವುದಿಲ್ಲ.) ಒಬ್ಬ ಟೀಚರ್ ಮಾತ್ರ ಅಂಕಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದರು. 3ರಲ್ಲಿ 7 ಹೋಗಲ್ಲ, ಮಗು 7ರಲ್ಲಿ 3 ಕಳೆದಿದೆ. ಸೊನ್ನೆಯಲ್ಲಿ 6 ಹೋಗಲ್ಲ, 6ನ್ನೇ ಇಳಿಸಿದೆ. 5ರಲ್ಲಿ 2 ಹೋದರೆ 3. ಗಮನವಿಲ್ಲದ ಮಗು ಇಷ್ಟು ಕ್ರಮವಾಗಿ ತಪ್ಪು ಮಾಡುತ್ತದೆಯೇ?

ಆಗ ಎರಡನೇ ತರಗತಿಯ ಟೀಚರ್ ಮೆಲ್ಲಗೆ ಅಂದರು: 'ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ನಾನೇ ಹೇಳ್ಕೊಟ್ಟಿದ್ದೆ ಸಾರ್.'

ಶೀಟಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ನಾಲ್ಕನೇ ತರಗತಿಯ ಮೇಷ್ಟ್ರು ನಕ್ಕುಬಿಟ್ಟರು. 'ನಾನು ಪಕ್ಕದ ಮನೆಯಿಂದ ಸಾಲ ತಗೋ ಅಂತೀನಿ. ಇಲ್ಲಿ ಪಕ್ಕದ ಮನೇಲೇ ಸೊನ್ನೆ! ಪಾಪ, ಎಲ್ಲಿಂದ ತರುತ್ತೆ?'

ಅವರಿಬ್ಬರೂ ಸೇರಿಯೇ ಉಪಾಯ ಹುಡುಕಿದರು. ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ. ಒಂದು ನೂರನ್ನು ಮುರಿಸಿ ಹತ್ತರ ಹತ್ತು ನೋಟು, ಅದರಲ್ಲೊಂದನ್ನು ಮುರಿಸಿ ಹತ್ತು ನಾಣ್ಯ. ಈಗ ನೂರು ನಾಲ್ಕು, ಹತ್ತು ಒಂಬತ್ತು, ಬಿಡಿ ಹದಿಮೂರು. ಇನ್ನು ಕಳೆಯಿರಿ. ಲೈನ್‌ಮನೆಯಿಂದ ಅಂಗಡಿಗೆ ಓಡುವ ಮಗುವಿಗೆ ಚಿಲ್ಲರೆ ಹೊಸದಲ್ಲ. ಮುಂದಿನ ತಿಂಗಳು ಮತ್ತೆ ನೋಟ್‌ಬುಕ್ ತಂದರು. 364 ಪೂರ್ತಿ ಹೋಗಿರಲಿಲ್ಲ, ಆದರೆ ಹುಡುಕಿ ನೋಡಬೇಕಿತ್ತು.

ಅಯ್ಯೋ, ಗಡಿಯಾರ ಓಡುತ್ತಿದೆ. ಶಿಕ್ಷಕರು ಹೀಗೆ ಒಟ್ಟಿಗೆ ಸೇರಿ ಕಲಿಯುವುದು ಹೊಸದೇನಲ್ಲ. ಜಪಾನಿನಲ್ಲಿ ಒಬ್ಬರು ಪಾಠ ಮಾಡುವಾಗ ಉಳಿದ ಶಿಕ್ಷಕರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಅಷ್ಟು ದೂರ ಬೇಡ, ನಾಗರಹೊಳೆಯ ಆಚೆ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿ-ಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿ, ಹುಟ್ಟಿದ್ದೂ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆ ನೋಡಿಬಂದು ಒಟ್ಟಿಗೆ ಕೂತು ಕಲಿಕೆಯ ಕಾರ್ಡು ತಯಾರಿಸಿದ್ದರಿಂದ. ಏಕೋಪಾಧ್ಯಾಯ ಶಾಲೆಯವರು 'ನಾನು ಯಾರ ಜೊತೆ ಕೂರಲಿ' ಎಂದು ಕೇಳುತ್ತೀರಿ. ಪಕ್ಕದ ಶಾಲೆಯವರ ಜೊತೆ. ಅವರಿಗೂ ಅದೇ 364 ಇರುತ್ತದೆ.

ಮುಂದಿನ ಸಭೆಗೆ ಐದು ನೋಟ್‌ಬುಕ್ ತನ್ನಿ. ಕೆಂಪು ಇಂಕಿನಲ್ಲಿ ತಿದ್ದಿ ಚೆಂದ ಮಾಡಿದ್ದಲ್ಲ, ತಪ್ಪು ಇದ್ದ ಹಾಗೇ ಇರುವುದು. ನಮಸ್ಕಾರ.